ನೆರಳಿಗೆ ಹೋದವರು

ಫೆಬ್ರವರಿ ೧೧

ನನ್ನ ಮುದ್ದಿನ ತಂಗಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಕ್ಕ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ತಪ್ಪು ನನ್ನದೇ, ಹೊಟ್ಟೆಗೆ ಹಾಕಿಕೋ. ಫೋನಿನಲ್ಲಿ ಮಾತಾಡಬಾರದೇ ಎಂದು ಕೇಳಿದ್ದೀಯ. ನಮ್ಮದು ಒಂದೇ ಕೋಣೆ, ನನ್ನ ಮಗಳು ಗುಂಗುರು ಯಾವಾಗಲೂ ಪಕ್ಕದಲ್ಲೇ ಇರುತ್ತಾಳೆ. ಅವಳ ವಿಷಯವನ್ನು ಅವಳ ಎದುರಿಗೇ ಹೇಗೆ ಮಾತಾಡಲಿ? ಈಗ ಸ್ನಾನಕ್ಕೆ ಹೋಗಿದ್ದಾಳೆ. ಆ ಕೂದಲು ತೊಳೆಯುವುದೆಂದರೆ ಅರ್ಧ ದಿನದ ಕೆಲಸ. ಅಷ್ಟರಲ್ಲಿ ಈ ಕಾಗದ ಮುಗಿಯಬಹುದು.

ನೀನು ಖಾಯಂ ಆದೆ ಎಂದು ಓದಿ ನನಗೆ ಎಷ್ಟು ಸಂತೋಷವಾಯಿತೆಂದರೆ, ನಮ್ಮ ಲಾಂಡ್ರಿಯಲ್ಲೇ ದುಡಿಯುವ ಕೆಳಮನೆಯವಳನ್ನು ಕರೆದು ನಿನ್ನ ಕಾಗದ ಓದಿ ಹೇಳಿದೆ. ಅವಳಿಗೆ ನಂಬಿಕೆಯೇ ಬರಲಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವಳಿಗೆ, ಅದೂ ಬೇರೆ ದೇಶದಿಂದ ಹೋದವಳಿಗೆ, ಮೊದಲ ದಿನದಿಂದಲೇ ಪಕ್ಕದ ಖಾಯಂ ಹೆಂಗಸಿಗೆ ಸಿಗುವಷ್ಟೇ ಸಂಬಳವಂತೆ. ಗೊತ್ತುಪಡಿಸಿದ ಅವಧಿ ದಾಟಿದರೆ ಕಾನೂನು ತಾನಾಗಿಯೇ ಕೈಹಿಡಿದು ಒಳಗೆ ಕೂರಿಸುತ್ತದಂತೆ. "ನಿಮ್ಮ ತಂಗಿ ಸ್ವಲ್ಪ ಜಾಸ್ತಿ ಸೇರಿಸಿ ಬರೀತಾಳೆ ಅನ್ಸುತ್ತೆ" ಅಂದಳು. ಇರಬಹುದು, ಚಿಕ್ಕವಳಿದ್ದಾಗಿನಿಂದಲೂ ನಿನಗೆ ಆ ಗುಣ ಇದೆ. ಆದರೆ ಖಾಯಂ ಆಗುವ ತನಕ ಕೆಲಸ ಹೋದರೆ ದೇಶವನ್ನೇ ಬಿಡಬೇಕಿತ್ತೆಂದು ಹೆದರಿ, ಮುಖ್ಯ ಅಡುಗೆಯವನು ಅಂದದ್ದನ್ನೆಲ್ಲ ನುಂಗಿಕೊಂಡಿದ್ದೆನೆಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗ ನೀನು ಸುಳ್ಳು ಹೇಳುತ್ತಿಲ್ಲವೆಂದು ಗೊತ್ತಾಯಿತು. ಅದನ್ನು ಮಾತ್ರ ಕೆಳಮನೆಯವಳಿಗೆ ಓದಲಿಲ್ಲ.

ನಮ್ಮ ತಮ್ಮನ ಕಥೆ ಇನ್ನೊಂದು. ಅವನಿರುವ ದೇಶದಲ್ಲಿ ತಾತ್ಕಾಲಿಕ, ಖಾಯಂ ಎಂಬ ಮಾತೇ ಇಲ್ಲವಂತೆ. ಬೆಳಿಗ್ಗೆ ಎದ್ದರೆ ಗೋದಾಮಿನಿಂದ ಫೋನಿಗೆ ಸಂದೇಶ ಬರಬೇಕು, ಬಂದರೆ ಕೆಲಸ, ಬರದಿದ್ದರೆ ಮುಸುಕೆಳೆದು ಮಲಗು. ಒಂದೇ ತಾಯಿಯ ಮಕ್ಕಳು ನಾವು, ಮೂರು ದೇಶದಲ್ಲಿ ಮೂರು ಬಗೆಯ ಹಂಗಾಮಿಗಳಾಗಿದ್ದೇವೆ. ಅಪ್ಪ ಇದ್ದಿದ್ದರೆ ನಗುತ್ತಿದ್ದರೋ ಅಳುತ್ತಿದ್ದರೋ.

"ನೆರಳಿಗೆ ಹೋಗುವುದು" ಅಂದರೇನು ಎಂದು ಕೇಳಿದ್ದೀಯ. ನಮ್ಮ ಲಾಂಡ್ರಿ ಗೊತ್ತಲ್ಲ, ಊರಿನ ಆಸ್ಪತ್ರೆ ಹೋಟೆಲುಗಳ ಬಟ್ಟೆಯೆಲ್ಲ ಬರುವುದು ಅಲ್ಲಿಗೇ. ಇಲ್ಲಿಯ ಕಾನೂನೂ ಒಳ್ಳೆಯದೇ. ಒಂದೇ ಜಾಗದಲ್ಲಿ ಬಿಡುವಿಲ್ಲದೆ ಇಷ್ಟು ಕಾಲ ದುಡಿದವರನ್ನು ಖಾಯಂ ಮಾಡಬೇಕು ಅನ್ನುತ್ತದೆ. ಅದಕ್ಕೇ ಆ ಕಾಲ ತುಂಬುವ ಮೊದಲು ಗುತ್ತಿಗೆದಾರ ನಮ್ಮನ್ನು ಎರಡು ತಿಂಗಳು ಹೊರಗೆ ಹಾಕುತ್ತಾನೆ. ಆಮೇಲೆ ಹೊಸಬರೆಂದು ಒಳಗೆ ಸೇರಿಸಿಕೊಳ್ಳುತ್ತಾನೆ. ಹೊಸ ಬಿಲ್ಲೆ, ಹೊಸ ಏಪ್ರನ್, ಹೊಸಬರ ತರಬೇತಿ. ಹೋದ ಸಲ ನನಗೆ ಬೆಡ್‌ಶೀಟ್ ಮಡಿಚುವುದು ಹೇಗೆಂದು ಹೇಳಿಕೊಟ್ಟವಳು, ನಾನೇ ಕೈಹಿಡಿದು ಕಲಿಸಿದ ಹುಡುಗಿ. ಇಬ್ಬರೂ ನಗು ತಡೆಯಲಾಗದೆ ಒದ್ದಾಡಿದೆವು. ಈ ಎರಡು ತಿಂಗಳಿಗೆ ಮೇಸ್ತ್ರಿ "ವಿರಾಮ" ಅನ್ನುತ್ತಾನೆ. ನಾವು ಹೆಂಗಸರು ನೆರಳು ಅನ್ನುತ್ತೇವೆ.

ನೆರಳಿಗೆ ಹೋದವರು ಗೇಟಿನ ಹತ್ತಿರ ಮುಖ ತೋರಿಸಬಾರದು. ಕಾರ್ಮಿಕ ಇಲಾಖೆಯ ಅಧಿಕಾರಿ ಯಾವಾಗ ಬೇಕಾದರೂ ಬರಬಹುದು. ಒಳಗಿನವರು ಹೊರಗಿನವರ ಜೊತೆ ಸಲಿಗೆಯಿಂದ ಮಾತಾಡುವುದನ್ನು ಕಂಡರೆ, ಇವರೆಲ್ಲ ಹಳಬರು, ಈ ವಿರಾಮ ಬರೀ ನಾಟಕ ಎಂದು ಅವನಿಗೆ ಗೊತ್ತಾಗಿಬಿಡುತ್ತದೆ. ಹಾಗೇನಾದರೂ ಆದರೆ ಸಿಕ್ಕಿಬಿದ್ದವಳನ್ನು ಮತ್ತೆ ಒಳಗೆ ಬಿಡುವುದಿಲ್ಲ ಎಂದು ಮೇಸ್ತ್ರಿ ಹೇಳಿಟ್ಟಿದ್ದಾನೆ. ಅವನು ಹೇಳಿದ್ದು ಗೇಟಿನ ಮಾತು ಮಾತ್ರ. ನಾವು ಅದಕ್ಕೆ ಇನ್ನಷ್ಟು ಸೇರಿಸಿಕೊಂಡೆವು. ನೆರಳಿನಲ್ಲಿರುವವಳನ್ನು ಬೀದಿಯಲ್ಲಿ ಕಂಡರೂ ನೋಡಬಾರದು, ಹೆಸರು ಎತ್ತಬಾರದು, ಅವಳು ಕರೆದರೂ ತಿರುಗಬಾರದು. ಇದು ದ್ವೇಷವಲ್ಲ, ತಂಗಿ. ಅವಳು ಸುರಕ್ಷಿತವಾಗಿ ವಾಪಸು ಬರಲಿ ಎಂದು. ಹೊಸದಾಗಿ ಬಂದವರಿಗೆ ನಾನೇ ಹೇಳಿಕೊಡುತ್ತಿದ್ದೆ: ಕಣ್ಣು ಕೆಳಗೆ, ಕಾಲು ಮುಂದೆ.

ಹೋದ ವರ್ಷ ಸುಕ್ಕಮ್ಮ ನೆರಳಿಗೆ ಹೋದಳು. ಅವಳ ಬಗ್ಗೆ ನಿನಗೆ ಬರೆದಿದ್ದೆ, ರೋಲರ್ ಇಸ್ತ್ರಿಯ ಬಾಯಲ್ಲಿ ನನ್ನ ಎದುರಿಗೆ ನಿಲ್ಲುತ್ತಿದ್ದವಳು. ಒದ್ದೆ ಬೆಡ್‌ಶೀಟಿನ ಎರಡು ಮೂಲೆ ನನ್ನ ಕೈಯಲ್ಲಿ, ಎರಡು ಅವಳ ಕೈಯಲ್ಲಿ. ಒಂದು ಸಲ ಜಾಡಿಸಿ ಎಳೆದು ರೋಲರಿಗೆ ಕೊಡಬೇಕು. ಎಲ್ಲರೂ ಒಂದು ಸಲ ಎಳೆದರೆ ಅವಳು ಎರಡು ಸಲ ಎಳೆಯುತ್ತಿದ್ದಳು. ಎರಡನೆಯದು ಸಣ್ಣ ಎಳೆತ, ನೀನು ಅಲ್ಲಿದ್ದೀಯ ತಾನೇ ಎಂದು ಕೇಳಿದ ಹಾಗೆ. ಸುಕ್ಕು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು, ಅದಕ್ಕೇ ಆ ಹೆಸರು.

ನೆರಳಿನಲ್ಲಿದ್ದಾಗ ಒಂದು ಸಂಜೆ ಪಾಳಿ ಬಿಡುವ ಹೊತ್ತಿಗೆ ಅವಳು ಗೇಟಿನೆದುರು, ರಸ್ತೆಯ ಆಚೆ ಬದಿಯಲ್ಲಿ ದೀಪದ ಕಂಬ ಹಿಡಿದು ನಿಂತಿದ್ದಳು. ಕೈ ಎತ್ತಿದಳು. ನಾವು ಮೂವತ್ತು ಜನ ಹೆಂಗಸರು ಒಬ್ಬರ ಹಿಂದೆ ಒಬ್ಬರು ಕಣ್ಣು ಕೆಳಗೆ ಹಾಕಿಕೊಂಡು ಹೊರಟೆವು. ಪೆದ್ದಿ, ತನ್ನ ಕೆಲಸಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತಾಳಲ್ಲ ಎಂದು ನನಗೆ ಸಿಟ್ಟೂ ಬಂತು. ಎರಡು ತಿಂಗಳು ಕಳೆದರೂ ಅವಳು ಬರದಿದ್ದಾಗ ಹುಡುಕಿಕೊಂಡು ಹೋದೆವು. ಟೈರ್ ಅಂಗಡಿಯ ಹಿಂದೆ ಅವಳ ಕೋಣೆ. ಮನೆ ಮಾಲೀಕ ಹೇಳಿದ: ವಿಪರೀತ ಜ್ವರವಿತ್ತು, ಆಸ್ಪತ್ರೆಗೆ ಜೊತೆಗೆ ಬರಲು ಯಾರನ್ನಾದರೂ ಕರೆದುಕೊಂಡು ಬರುತ್ತೇನೆಂದು ಹೋದಳು, ಒಬ್ಬಳೇ ವಾಪಸು ಬಂದಳು, ಆಮೇಲೆ ಬಾಗಿಲು ತೆರೆಯಲಿಲ್ಲ.

ಇದನ್ನು ನಿನಗೆ ಆಗ ಬರೆಯಲು ನನ್ನಿಂದ ಆಗಲಿಲ್ಲ. ಈಗ ಬರೆಯುವುದಕ್ಕೂ ಒಂದು ಕಾರಣವಿದೆ. ಅವಳು ಹೋದಮೇಲೆ ನನ್ನ ಎದುರಿಗೆ ಇನ್ನೊಬ್ಬಳನ್ನು ನಿಲ್ಲಿಸಿದರು. ಒಳ್ಳೆಯವಳು, ಕೆಲಸವೂ ಚುರುಕು. ಆದರೆ ಬೆಡ್‌ಶೀಟ್ ಜಾಡಿಸಿ ಎಳೆದಮೇಲೆ ನನ್ನ ಕೈಗೆ ಇನ್ನೊಂದು ಸಣ್ಣ ಎಳೆತ ಬರುತ್ತಿತ್ತು. ಒಂದು ವಾರ ಸುಮ್ಮನಿದ್ದೆ. ಆಮೇಲೆ, ನೀನ್ಯಾಕೆ ಎರಡು ಸಲ ಎಳೆಯುತ್ತೀಯ ಎಂದು ಕೇಳಿದೆ. "ನೀವು ಎಳೀತಿದ್ದೀರಿ ಅಂದ್ಕೊಂಡಿದ್ದೆ ಅಕ್ಕ" ಅಂದಳು. ಅಂದಿನಿಂದ ಇಬ್ಬರೂ ಆ ಮಾತು ಎತ್ತಿಲ್ಲ, ಕೆಲಸ ನಡೆಯುತ್ತಲೇ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಗುಂಗುರುವನ್ನು ನಿನ್ನ ಹತ್ತಿರ ಕಳಿಸು ಎಂದು ಬರೆದಿದ್ದೀಯ. ನಿಮ್ಮ ಅಡುಗೆಮನೆಗೆ ಜನ ಬೇಕು, ನೀನೀಗ ಸಂಘದ ಸಮಿತಿಯಲ್ಲಿದ್ದೀಯ, ಮಾತಾಡಿ ಸೇರಿಸುತ್ತೀಯ. ನಿನ್ನ ಪ್ರೀತಿ ನನಗೆ ಗೊತ್ತು. ಆದರೆ ಆಗುವುದಿಲ್ಲ, ತಂಗಿ. ನಿನ್ನ ಭಾವ ಹೋದಮೇಲೆ ಈ ಕೋಣೆಯಲ್ಲಿ ಉಸಿರಾಡುವ ಸದ್ದೆಂದರೆ ಅವಳದೇ. ಅವಳನ್ನೂ ಕಳಿಸಿ ನಾನು ಗೋಡೆ ನೋಡುತ್ತಾ ಕೂರಲೇ? ಅವಳು ಓದಿದ ಲೆಕ್ಕಪತ್ರಕ್ಕೆ ಇಲ್ಲೇ ಯಾವುದಾದರೂ ಆಫೀಸಿನಲ್ಲಿ ಕೆಲಸ ಸಿಗುತ್ತದೆ. ಇದುವರೆಗೆ ಸಿಕ್ಕಿದ್ದೆಲ್ಲ ಮೂರು ಮೂರು ತಿಂಗಳದ್ದು, ಅದು ಬೇರೆ ಮಾತು.

ಮುಂದಿನ ವಾರ ನನ್ನ ನೆರಳು ಶುರು. ಈ ಸಲ ಒಂದು ಉಪಾಯ ಮಾಡಿದ್ದೇವೆ. ನಾನು ಹೊರಗಿದ್ದಾಗ ನನ್ನ ಜಾಗಕ್ಕೆ ಬೇರೆಯವಳು ಬಂದು ಕೂತುಬಿಟ್ಟರೆ ಕಷ್ಟ. ಅದಕ್ಕೇ ಎರಡು ತಿಂಗಳ ಮಟ್ಟಿಗೆ ಗುಂಗುರು ಹೋಗಿ ನನ್ನ ಜಾಗ ಬೆಚ್ಚಗಿಡುತ್ತಾಳೆ. ತಾಯಿಯ ಜಾಗಕ್ಕೆ ಮಗಳನ್ನು ನಿಲ್ಲಿಸಿದ್ದಾರೆಂದು ಅಧಿಕಾರಿಗೆ ಗೊತ್ತಾದರೆ ಎಲ್ಲ ಬಯಲಾಗುತ್ತದೆ, ಆದ್ದರಿಂದ ಒಳಗೆ ಅವಳು ನನ್ನ ಮಗಳಲ್ಲ. ಮೇಸ್ತ್ರಿಗೆ ಗೊತ್ತು, ಗೊತ್ತಿಲ್ಲದವನ ಹಾಗೆ ಇದ್ದಾನೆ. ನನ್ನ ವಯಸ್ಸಿನವರಿಗೂ ಗೊತ್ತು, ಅವರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಬರೀ ಎರಡು ತಿಂಗಳು ತಾನೇ.

ಬಚ್ಚಲ ಬಾಗಿಲು ಸದ್ದಾಯಿತು. ಚೆನ್ನಾಗಿರು, ಹೊತ್ತು ಹೊತ್ತಿಗೆ ತಿನ್ನು. ಅಷ್ಟು ಜನಕ್ಕೆ ಬೇಯಿಸುವ ಮನೆಯಲ್ಲಿದ್ದು ನೀನು ಉಪವಾಸವಿರುತ್ತೀಯ ಅನ್ನುವುದು ನನಗೆ ಗೊತ್ತು.

ನಿನ್ನ ಅಕ್ಕ


ಮಾರ್ಚ್ ೨೦

ಪ್ರೀತಿಯ ತಂಗಿ,

ಈ ಸಲ ತಡವಾಗಲಿಲ್ಲ ನೋಡು. ಹಗಲೆಲ್ಲ ಮನೆಯಲ್ಲೇ ಬಿದ್ದಿರುವವಳಿಗೆ ಕಾಗದ ಬರೆಯುವುದಕ್ಕೇನು ಕಷ್ಟ? ಗುಂಗುರು ಮುಂಜಾನೆ ಹೊರಟರೆ ನಾನು ಕೋಣೆ ಗುಡಿಸಿ, ಮತ್ತೆ ಗುಡಿಸಿ, ಕಿಟಕಿಯ ಹತ್ತಿರ ಕೂರುತ್ತೇನೆ. ಹಾಸಿಗೆಯ ಮೇಲಿನ ಬಟ್ಟೆ ಸುಕ್ಕಾಗಿದ್ದರೆ ಎದ್ದು ಹೋಗಿ ಎಳೆಯುತ್ತೇನೆ. ಒಬ್ಬಳೇ ಎಳೆದರೆ ಅದು ಸರಿಯಾಗುವುದಿಲ್ಲ, ಇನ್ನೊಂದು ತುದಿ ಜರುಗುತ್ತದೆ. ಮೊನ್ನೆ ಮಾತ್ರ ಜರುಗಲಿಲ್ಲ. ಗೋಡೆಯ ಕಡೆಯಿಂದ ಯಾರೋ ಹಿಡಿದ ಹಾಗೆ ಬಿಗಿಯಾಗಿ ನಿಂತಿತು. ನಾನು ಕೈಬಿಟ್ಟು ಮೆಟ್ಟಿಲಿಗೆ ಬಂದು ಕೂತೆ, ಹುಡುಗಿ ಬರುವ ತನಕ ಒಳಗೆ ಹೋಗಲಿಲ್ಲ. ಹಾಸಿಗೆ ಗೋಡೆಗೆ ಸಿಕ್ಕಿಕೊಂಡಿತ್ತು ಅಷ್ಟೇ ಎಂದು ಅವಳು ತೋರಿಸಿದಳು. ಇರಬಹುದು.

ಮೆಟ್ಟಿಲಲ್ಲಿ ಕೆಳಮನೆಯವಳು ಎದುರಾದಳು. ನಿನ್ನ ಕಾಗದ ಓದಿಸಿಕೊಂಡು, ನನ್ನ ಸಕ್ಕರೆ ಡಬ್ಬಿ ಅರ್ಧ ಮಾಡಿದವಳು. ನನ್ನನ್ನು ಕಂಡೊಡನೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು, ನಾನು ದಾಟಿ ಹೋಗಲಿ ಎಂದು. ಮೆಟ್ಟಿಲಿಗೆ ಯಾವ ಅಧಿಕಾರಿ ಬರುತ್ತಾನೆ ಹೇಳು. ಆದರೂ ಅವಳು ಮಾಡಿದ್ದು ಸರಿಯೇ. ಈ ನಿಯಮ ಒಂದು ಕಡೆ ಸಡಿಲಿಸಿದರೆ ಎಲ್ಲ ಕಡೆ ಸಡಿಲವಾಗುತ್ತದೆ ಎಂದು ಅವಳಿಗೆ ಹೇಳಿದವಳು ನಾನೇ. ಇಷ್ಟು ವರ್ಷ ನೆರಳಿಗೆ ಹೋಗಿ ಬಂದಿದ್ದೇನೆ, ಯಾವತ್ತೂ ಹೀಗೆ ಅನ್ನಿಸಿರಲಿಲ್ಲ. ಈ ಸಲ ಯಾಕೋ ಮೈಯ ತೂಕವೇ ಕಡಿಮೆಯಾದ ಹಾಗಿದೆ. ಅಂಗಡಿಯವನು ಚಿಲ್ಲರೆಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟರೂ, ಇವನಿಗೂ ನಾನು ಕಾಣುತ್ತಿಲ್ಲವೇನೋ ಎಂದು ಅವನ ಮುಖ ನೋಡುತ್ತೇನೆ.

ನಿಮ್ಮಲ್ಲಿ ಸಂಘ ಇಲ್ಲವೇ, ಅವರ ಹತ್ತಿರ ಹೋಗಬಾರದೇ ಎಂದು ಕಿವಿ ಹಿಂಡಿದ್ದೀಯ. ಇದೆಯಮ್ಮ, ದೊಡ್ಡ ಸಂಘವೇ ಇದೆ. ಅದು ಖಾಯಂ ನೌಕರರದು. ಊಟದ ಮನೆಯಲ್ಲಿ ಅವರ ಮೇಜು ಕಿಟಕಿಯ ಕಡೆ, ನಮ್ಮದು ಕೈತೊಳೆಯುವ ಕಡೆ. ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಬಾಯ್ಲರ್ ನೋಡಿಕೊಳ್ಳುತ್ತಾನೆ. ಸುಕ್ಕಮ್ಮ ಸತ್ತಾಗ ಹೋಗಿ ಹೇಳಿದ್ದೆವು. ಬಹಳ ನೊಂದುಕೊಂಡ. ಆದರೆ ಆಕೆ ನಮ್ಮ ಸದಸ್ಯೆ ಅಲ್ಲ, ಆ ದಿನ ಗುತ್ತಿಗೆದಾರನ ಕೆಲಸಗಾರ್ತಿಯೂ ಅಲ್ಲ, ಯಾರ ಪರವಾಗಿ ಏನೆಂದು ಕೇಳಲಿ ಅಂದ. ನಿಮ್ಮ ಸಂಘದವಳು ನೀನು ಸೇರಿದ ವಾರವೇ ಬಂದು ಹೆಸರು ಬರೆದುಕೊಂಡಳೆಂದು ಬರೆದಿದ್ದೆಯಲ್ಲ, ಅದನ್ನು ಎರಡು ಸಲ ಓದಿದೆ.

ಗುಂಗುರುವಿನ ಸುದ್ದಿ ಹೇಳಬೇಕು. ಮೊದಲ ವಾರ ಕೈಯೆಲ್ಲ ಬೊಬ್ಬೆ ಬಂದಿತ್ತು, ಆ ಕೂದಲು ಟೋಪಿಯೊಳಗೆ ನಿಲ್ಲದೆ ಮೇಸ್ತ್ರಿಯಿಂದ ಬೈಸಿಕೊಂಡಳು. ಈಗ ಎಷ್ಟು ಪಳಗಿದ್ದಾಳೆಂದರೆ ಮನೆಯಲ್ಲಿ ಟವಲನ್ನೂ ಒಂದೇ ಏಟಿಗೆ ಜಾಡಿಸಿ ಮಡಿಚುತ್ತಾಳೆ. ಅಲ್ಲಿ ಅವಳಿಗೆ ಗೆಳತಿಯರಾಗಿದ್ದಾರೆ. ಬೇರೆ ಊರುಗಳಿಂದ ಹೊಸದಾಗಿ ಬಂದ ಹುಡುಗಿಯರು, ನನ್ನನ್ನು ನೋಡಿದವರಲ್ಲ. ಅವರ ಜೋಕುಗಳನ್ನೆಲ್ಲ ಬಂದು ಹೇಳುತ್ತಾಳೆ. ಮೇಸ್ತ್ರಿಯ ನಡಿಗೆ ಮಾಡಿ ತೋರಿಸುತ್ತಾಳೆ, ನಾನು ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಇಷ್ಟು ದಿನ ಒಂದೊಂದು ಆಫೀಸಿನಿಂದಲೂ ತಲೆ ತಗ್ಗಿಸಿಕೊಂಡು ಬರುತ್ತಿದ್ದವಳು, ಈಗ ತಲೆ ಎತ್ತಿ ಮಾತಾಡುತ್ತಾಳೆ.

ಮೊನ್ನೆ ಊಟಕ್ಕೆ ಕೂತಾಗ ಅವಳು ಹೇಳಿದಳು, ರೋಲರಿನ ಹತ್ತಿರ ಎರಡು ಸಲ ಎಳೆದ ಹಾಗೆ ಆಗುತ್ತದೆ ಎಂದು. ಸುಕ್ಕಮ್ಮನ ಎಳೆತದ ವಿಷಯ ಅವಳಿಗೆ ನಾನು ಹೇಳಿಯೇ ಇರಲಿಲ್ಲ, ಹುಡುಗಿ ಹೆದರುತ್ತಾಳೆ ಎಂದು. ಅವಳಿಗೇನೂ ಹೆದರಿಕೆಯಿಲ್ಲ. ಗೆಳತಿಯರು ಅವಳಿಗೆ ವಿವರವಾಗಿ ಹೇಳಿದ್ದಾರಂತೆ: ಆ ಜಾಗದಲ್ಲಿ ಮೊದಲು ಒಬ್ಬ ಹೆಂಗಸು ನಿಲ್ಲುತ್ತಿದ್ದಳು, ಕೆಲಸ ಮಾಡುತ್ತಾ ಬಾಯೊಳಗೇ ಏನಾದರೂ ಗುನುಗುತ್ತಿದ್ದಳು, ನೆರಳಿಗೆ ಹೋದವಳು ಸತ್ತುಹೋದಳು, ಅವಳೇ ಬಂದು ಎಳೆಯುತ್ತಾಳೆ.

ಸುಕ್ಕಮ್ಮನಿಗೆ ಗುನುಗುವ ಅಭ್ಯಾಸವಿರಲಿಲ್ಲ. ಗುನುಗುವವಳು ನಾನು.

"ಆ ಹೆಂಗಸು ಬದುಕಿದ್ದಾಳೆ ಅಂತ ನೀನು ಹೇಳ್ಲಿಲ್ವಾ?" ಎಂದು ಕೇಳಿದೆ.

"ಹೇಗೆ ಹೇಳ್ಲಿ ಅಮ್ಮ? ಅಲ್ಲಿ ನಿನ್ನ ಗುರುತೇ ಇಲ್ಲ ನನಗೆ" ಅಂದಳು. ನಗುತ್ತಲೇ ಅಂದಳು, ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು.

ನಾನೂ ನಕ್ಕೆ. ಅವಳು ಮಲಗಿದಮೇಲೆ ಎದ್ದು ಹೋಗಿ ಕನ್ನಡಿ ನೋಡಿಕೊಂಡೆ, ಯಾಕೆ ಎಂದು ಕೇಳಬೇಡ. ಇದನ್ನೆಲ್ಲ ಓದಿ ತಲೆ ಕೆಡಿಸಿಕೊಳ್ಳಬೇಡ. ಒಂಟಿಯಾಗಿ ಕೂತವಳಿಗೆ ಇಂಥವೆಲ್ಲ ದೊಡ್ಡದಾಗಿ ಕಾಣುತ್ತವೆ. ನಾನು ಒಳಗೆ ಹೋಗಿ ಒಂದು ದಿನ ಬೆವರಿದರೆ ಎಲ್ಲ ಸರಿಹೋಗುತ್ತದೆ.

ತಮ್ಮನಿಗೆ ಎರಡು ವಾರದಿಂದ ಗೋದಾಮಿನ ಸಂದೇಶವೇ ಬಂದಿಲ್ಲವಂತೆ, ನೀನು ಅವನಿಗೊಂದು ಫೋನು ಮಾಡು. ನನ್ನ ಹತ್ತಿರ ಧೈರ್ಯ ಹೇಳಿಸಿಕೊಳ್ಳುವುದು ಅವನಿಗೆ ನಾಚಿಕೆ. ಹುಡುಗಿಯನ್ನು ಕಳಿಸುವ ಮಾತು ಮತ್ತೆ ಎತ್ತಿದ್ದೀಯ. ನನ್ನ ಉತ್ತರ ಅದೇ. ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಕೈಕಾಲು ಗಟ್ಟಿಯಾಗಿರಲಿ.

ನಿನ್ನ ಅಕ್ಕ


ಏಪ್ರಿಲ್ ೧೬

ಪ್ರೀತಿಯ ತಂಗಿಗೆ ಅಕ್ಕನ ನೆನಪುಗಳು.

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬಲಗೈ ಮಣಿಕಟ್ಟು ಸ್ವಲ್ಪ ಉಳುಕಿದೆ. ಗಾಬರಿಯಾಗುವಂಥದ್ದೇನಿಲ್ಲ, ವೈದ್ಯರು ಪಟ್ಟಿ ಸುತ್ತಿದ್ದಾರೆ. ನಿನ್ನ ಎರಡೂ ಕಾಗದಗಳು ತಲುಪಿದವು. ತಡವಾದದ್ದಕ್ಕೆ ಕೈಯೇ ಕಾರಣ ಎಂದು ಹೇಳಿದರೆ ನೀನು ನಂಬುತ್ತೀಯ, ನನಗೂ ಅನುಕೂಲ.

ನನ್ನ ನೆರಳು ಮೊನ್ನೆ ಮುಗಿಯಿತು. ಏಪ್ರನ್ ಒಗೆದು ಇಸ್ತ್ರಿ ಮಾಡಿಟ್ಟುಕೊಂಡಿದ್ದೆ. ಆದರೆ ಮೇಸ್ತ್ರಿ ಹುಡುಗಿಯ ಕೈಯಲ್ಲೇ ಹೇಳಿಕಳಿಸಿದ: ಒಂದು ಜಾಗಕ್ಕೆ ಇಬ್ಬರು ಬೇಡ, ಹುಡುಗಿಯ ಕೈ ಚುರುಕಾಗಿದೆ, ಅವಳೇ ಇರಲಿ. ಅವಳು ನೆರಳಿಗೆ ಹೋಗುವ ಕಾಲ ಬಂದಾಗ ನಿಮ್ಮನ್ನು ನೋಡೋಣ ಅಂದನಂತೆ. ಅಂದರೆ ಇನ್ನು ಮೇಲೆ ತಾಯಿ ಮಗಳು ಸರದಿಯ ಮೇಲೆ ಬದುಕಬೇಕು, ಒಬ್ಬಳು ಇದ್ದಾಗ ಇನ್ನೊಬ್ಬಳು ಇರಬಾರದು. ಹೇಳುವಾಗ ಗುಂಗುರುವಿನ ಕಣ್ಣಲ್ಲಿ ನೀರಿತ್ತು. ನಾಳೆಯೇ ಬಿಟ್ಟುಬಿಡುತ್ತೇನೆ, ನೀನು ಹೋಗು ಅಂದಳು. ನಾನು ಬೇಡವೆಂದೆ. ಅವಳು ಬಿಟ್ಟರೆ ನನ್ನನ್ನೇ ತೆಗೆದುಕೊಳ್ಳುತ್ತಾರೆಂದು ಏನು ಭರವಸೆ? ಅಲ್ಲದೆ ಅವಳ ದನಿಯಲ್ಲಿ ಬಿಡುವ ಮನಸ್ಸೂ ಇರಲಿಲ್ಲ, ಪಾಪ. ಅದು ತಪ್ಪಲ್ಲ.

ಬೆಳಿಗ್ಗೆ ಪೂರ್ತಿ ಕೂತು ಯೋಚಿಸಿದೆ. ಈಗ ಒಂದು ಮಾತು ಹೇಳುತ್ತೇನೆ. ಎರಡು ಸಲ ಬೇಡವೆಂದವಳು ಈಗ ಹೀಗೆ ಹೇಳುತ್ತಾಳಲ್ಲ ಎಂದು ನಗಬೇಡ. ಗುಂಗುರುವನ್ನು ನಿನ್ನ ಹತ್ತಿರ ಕರೆಸಿಕೋ. ಆದಷ್ಟು ಬೇಗ ಕರೆಸಿಕೋ.

ಅವಳು ಹೋದರೆ ಅಕ್ಕನಿಗೆ ಜಾಗ ಸಿಗುತ್ತದೆ, ಅದಕ್ಕೇ ಈ ಪ್ರೀತಿ ಎಂದು ನೀನು ಕೆಣಕಬಹುದು. ಕೆಣಕು, ಅದೂ ಒಂದು ಕಾರಣವೇ ಅಂದುಕೋ. ಆ ಲಾಂಡ್ರಿಯ ಹಬೆ ಅವಳ ಎದೆಗೆ ಒಳ್ಳೆಯದಲ್ಲ, ಅದೂ ಒಂದು. ಓದಿದ ಹುಡುಗಿ ನಾಲ್ಕು ಊರು ನೋಡಲಿ, ಅದು ಮತ್ತೊಂದು. ನಿಮ್ಮಲ್ಲೂ ಎಲ್ಲ ಚಿನ್ನವಲ್ಲ, ಗೊತ್ತು. ಅಲ್ಲೂ ಅವಳು ಮೊದಲು ಹಂಗಾಮಿಯೇ. ಕೆಲಸ ಹೋದರೆ ದೇಶ ಬಿಡಬೇಕೆಂಬ ಕತ್ತಿ ಅವಳ ತಲೆಯ ಮೇಲೂ ತೂಗುತ್ತದೆ, ನೀನು ನುಂಗಿಕೊಂಡದ್ದನ್ನು ಅವಳೂ ನುಂಗಿಕೊಳ್ಳಬೇಕಾಗುತ್ತದೆ. ಆದರೆ ಅಲ್ಲಿ ಅವಳು ನಿನ್ನ ಅಕ್ಕನ ಮಗಳೆಂದು ಹೇಳಿಕೊಳ್ಳಬಹುದು ತಾನೇ? ಅಡುಗೆಮನೆಯಲ್ಲಿ ಎಲ್ಲರೆದುರು ನಿನ್ನನ್ನು ಚಿಕ್ಕಮ್ಮ ಎಂದು ಕರೆಯಬಹುದು ತಾನೇ? ಇದಕ್ಕೆ ಮಾತ್ರ ನಿಜವಾದ ಉತ್ತರ ಬರಿ. ಸೇರಿಸಿ ಬರೆಯಬೇಡ.

ಅವಳಾಗಿ ಹೊರಡುವುದಿಲ್ಲ. ಅವಳಿಗೆ ಲಾಂಡ್ರಿ ಇಷ್ಟವಾಗಿದೆ. ಗೆಳತಿಯರಿದ್ದಾರೆ, ಮೇಸ್ತ್ರಿ ಹೊಗಳುತ್ತಾನೆ, ಮುಂದಿನ ವಾರದಿಂದ ಹೊಸಬರಿಗೆ ಕಲಿಸುವ ಕೆಲಸವನ್ನೂ ಅವಳಿಗೇ ಕೊಡುತ್ತಾರಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀನು. ಆದ್ದರಿಂದ ನೀನೇ ಕರೆ. ಒಬ್ಬಳೇ ಇದ್ದು ಬೇಸರವಾಗಿದೆ, ಸೊಂಟ ನೋವು, ಜೊತೆಗೆ ಯಾರಾದರೂ ಬೇಕು ಎಂದು ಏನಾದರೊಂದು ಹೇಳು. ನಿನ್ನ ಮಾತನ್ನು ಅವಳು ತೆಗೆದುಹಾಕುವುದಿಲ್ಲ. ಅಮ್ಮ ಬರೆದಿದ್ದಳೆಂದು ಮಾತ್ರ ಹೇಳಬೇಡ. ಅಮ್ಮ ತನ್ನನ್ನು ದೂರ ಮಾಡಿದಳು ಎಂದು ಅವಳಿಗೆ ಅನ್ನಿಸಬಾರದು.

ನನ್ನ ಬಗ್ಗೆ ಯೋಚಿಸಬೇಡ. ಗೋಡೆ ನೋಡುವುದು ಈ ಎರಡು ತಿಂಗಳಲ್ಲಿ ಅಭ್ಯಾಸವಾಗಿದೆ.

ಸದಾ ನಗುನಗುತ್ತಾ ಇರು. ಹಿಡಿದ ಕೆಲಸ ಕೈಗೂಡಲಿ, ನಿನ್ನ ಒಲೆ ಎಂದೂ ತಣ್ಣಗಾಗದಿರಲಿ. ನಮ್ಮ ಹುಡುಗಿಗೂ ಅದನ್ನೇ ಹರಸು.

ನಿನ್ನ ಅಕ್ಕ

ಮರೆತ ಮಾತು: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ನಿನಗೆ ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ.

ಕೈ ಉಳುಕಿದ್ದು ಹೋದ ಶುಕ್ರವಾರ. ಕಣ್ಣಿನ ಆಸ್ಪತ್ರೆಗೆ ಹೋಗಿ, ಹಾಗೇ ಆಲೂಗಡ್ಡೆ ಕೊಂಡುಕೊಂಡು ಬರುತ್ತಿದ್ದೆ. ಬಸ್ಸು ಕೆಟ್ಟು ಲಾಂಡ್ರಿಯ ಹತ್ತಿರವೇ ನಿಂತಿತು, ಎಲ್ಲರನ್ನೂ ಇಳಿಸಿದರು. ಪಾಳಿ ಬಿಡುವ ಹೊತ್ತು. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡು, ಬೇಗ ದಾಟಿಬಿಡೋಣ ಎಂದು ಓಡುವ ಹಾಗೆ ನಡೆದೆ. ಪಾದಚಾರಿ ದಾರಿಯ ಅಂಚಿಗೆ ಕಾಲು ತಾಗಿತು. ಮುಗ್ಗರಿಸಿ ಬಿದ್ದೆ, ಸರಿಯಾಗಿ ಗೇಟಿನ ಮುಂದೆ. ಕೈ ಮೈಯ ಕೆಳಗೆ ಸಿಕ್ಕಿಕೊಂಡಿತು, ಆಲೂಗಡ್ಡೆಯೆಲ್ಲ ರಸ್ತೆಗೆ ಉರುಳಿತು. ಅಷ್ಟರಲ್ಲಿ ಹೆಂಗಸರು ಹೊರಗೆ ಬಂದರು. ಬಿದ್ದಲ್ಲಿಂದ ನನಗೆ ಕಂಡದ್ದು ಬರೀ ಚಪ್ಪಲಿಗಳು. ಎಲ್ಲವೂ ನನ್ನನ್ನು ಬಳಸಿಕೊಂಡು ಹೋದವು, ಒಂದೂ ನಿಲ್ಲಲಿಲ್ಲ. ಆಮೇಲೆ ಒಂದು ಜೊತೆ ನಿಂತಿತು. ಅವು ಗುಂಗುರುವಿಗೆ ನಾನೇ ಕೊಡಿಸಿದ ಚಪ್ಪಲಿ.

ತಲೆ ಎತ್ತಿ ನೋಡಿದೆ. ಇಬ್ಬರು ಗೆಳತಿಯರ ನಡುವೆ ಇದ್ದಳು. ನನ್ನನ್ನು ನೋಡಿದಳು, ತಂಗಿ, ಚೆನ್ನಾಗಿ ನೋಡಿದಳು. ಅವಳ ಹೆಸರು ನನ್ನ ಬಾಯಿಗೆ ಬಂದಿತ್ತು, ಹಲ್ಲು ಕಚ್ಚಿ ನುಂಗಿಕೊಂಡೆ. ಅವಳು ಕಣ್ಣು ಕೆಳಗೆ ಹಾಕಿದಳು, ಕಾಲ ಬಳಿ ಉರುಳಿದ್ದ ಆಲೂಗಡ್ಡೆಯನ್ನು ದಾಟಿದಳು, ಗೆಳತಿಯರ ಜೊತೆ ಹೋದಳು. ನನ್ನನ್ನು ಎಬ್ಬಿಸಿದ್ದು ಬಾಯ್ಲರಿನವನು, ಸಂಘದ ಕಾರ್ಯದರ್ಶಿ. "ಎಲ್ಲೋ ನೋಡಿದ ಹಾಗಿದೆಯಲ್ಲ ನಿಮ್ಮನ್ನ" ಅಂದ. ಇಲ್ಲ, ನಾನು ಈ ಕಡೆಯವಳಲ್ಲ ಎಂದೆ.

ಕೈಗೆ ಪಟ್ಟಿ ಹಾಕಿಸಿಕೊಂಡು ಬಂದು, ಗೆಳತಿಯರ ಜೊತೆ ಹೋದವಳು ರಾತ್ರಿ ಬರುವ ಮೊದಲೇ ಅಡುಗೆ ಮಾಡಿಟ್ಟಿದ್ದೆ. ಬಂದವಳು ಕೈಕಾಲು ತೊಳೆದಳು, ಬಾಗಿಲ ಚಿಲಕ ಹಾಕಿದಳು, ಹತ್ತಿರ ಬಂದು ಪಟ್ಟಿಯನ್ನು ಮೆಲ್ಲಗೆ ಮುಟ್ಟಿದಳು. "ತುಂಬಾ ನೋಯ್ತಿದೆಯಾ?" ಎಂದು ಕೇಳಿದಳು. ಇಲ್ಲವೆಂದೆ. ಆಮೇಲೆ ಶಾಲೆಯಿಂದ ಬಂದು ಪಾಠ ಒಪ್ಪಿಸುತ್ತಿದ್ದಾಗ ನೋಡುತ್ತಿದ್ದಳಲ್ಲ, ಹಾಗೇ ನನ್ನ ಮುಖ ನೋಡಿದಳು.

"ನಾನು ಸರಿಯಾಗಿ ಮಾಡಿದೆ ಅಲ್ವಾ ಅಮ್ಮ?"

"ಸರಿಯಾಗಿ ಮಾಡಿದೆ ಕಣೇ" ಅಂದೆ. ಅವಳ ಮುಖ ಅರಳಿತು, ತಂಗಿ. ತಟ್ಟೆ ಹಾಕಿಕೊಂಡು ಹೊಟ್ಟೆ ತುಂಬ ಉಂಡಳು.